ನುಡಿನಮನವೋ, ಭಾಷಣ ಸ್ಪರ್ಧೆಯೋ?

ಸಂಪಾದಕರೇ,

ಮೊನ್ನೆ ಗೆಳೆಯನೊಬ್ಬನ ನುಡಿನಮನಕ್ಕೆ ಹೋಗಿದ್ದೆ. ಒಂದೂವರೆ ಗಂಟೆ ಭಾಷಣ, ಅದರಲ್ಲಿ ಅವನ ಬಗ್ಗೆ ಬಂದದ್ದು 10 ನಿಮಿಷವೂ ಇಲ್ಲ, ಉಳಿದದ್ದೆಲ್ಲ ಮಾತನಾಡಿದವರ ಸ್ವಂತ ಕಥೆ. ಯಾರಿಗೆ ಬೇಕಿತ್ತು ಅದು? ಇಂಥ ಸಭೆ ಮಾಡುವವರು ದಯವಿಟ್ಟು ನಾಲ್ಕೈದು ಜನರಿಗೆ ಮಾತ್ರ ಮೈಕ್ ಕೊಡಿ. ತಲಾ 3 ನಿಮಿಷ, ಒಂದೇ ಒಂದು ಘಟನೆ ಹೇಳಿದರೆ ಸಾಕು ಅಂತ ಮುಂಚೆಯೇ ತಿಳಿಸಿ. 'ತುಂಬಾ ಒಳ್ಳೆಯವರು' ಅಂತ ಎಲ್ಲರೂ ಹೇಳುತ್ತಾರೆ. ಅವನು ಪೆನ್ನಿನ ಕ್ಯಾಪ್ ಕಚ್ಚುತ್ತಾ ಲೆಕ್ಕ ಹಾಕುತ್ತಿದ್ದದ್ದನ್ನು ಒಬ್ಬರು ನೆನಪಿಸಿದಾಗಲೇ ನಾವೆಲ್ಲ ನಕ್ಕು, ಕಣ್ಣೊರೆಸಿಕೊಂಡದ್ದು. ಮಾತು ಬಾರದವರಿಗೆ ಒಂದು ನೋಟ್‌ಬುಕ್ ಇಡಿ, ನೆನಪು ಬರೆಯಲಿ. ಮನೆಯವರು ಆಮೇಲೆ ನಿಧಾನವಾಗಿ ಓದುತ್ತಾರೆ. ಆ ದಿನ ಅವರ ಕಿವಿಗೆ ಏನೂ ಬಿದ್ದಿರುವುದಿಲ್ಲ, ಅಲ್ವಾ? ಅವರನ್ನು ಮಾತನಾಡಿ ಅಂತ ಸುಮ್ನೆ ಒತ್ತಾಯಿಸಲೂಬೇಡಿ.

– ಒಬ್ಬ ಓದುಗ