ಹೇಳಿದ್ದೆಲ್ಲ ಮಾಡಿದ ಮನೆಗೂ ವಿಮೆ ಇಲ್ಲವೆಂದರೆ?

ಮಾನ್ಯ ಸಂಪಾದಕರೇ,

ನಾನಿರುವ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ವಿಮೆಯ 2025ರ ಮಸೂದೆಗಳ ಬಗ್ಗೆ ನಿಮ್ಮ ಭಾನುವಾರದ ವರದಿ ಓದಿದೆ. ಇನ್ನು ಮನೆ ಮಾಲೀಕರು ನಿಶ್ಚಿಂತೆಯಿಂದ ಇರಬಹುದು ಎಂಬ ಧಾಟಿಯಲ್ಲಿದೆ ಅದು. ಅದನ್ನು ಓದಿದ ನಮ್ಮಣ್ಣ ಕೂಡಲೇ ಮೈಸೂರಿನಿಂದ ಫೋನ್ ಮಾಡಿ, "ಅಲ್ಲಿನ ಸರ್ಕಾರವೇ ಕಾಯ್ದೆ ತರ್ತಿದೆಯಂತಲ್ಲೋ, ಇನ್ನೇನು ಚಿಂತೆ ನಿನಗೆ?" ಅಂದರು. ಏನಂತ ಹೇಳಲಿ? ಹಿಂದಿನ ದಿನವಷ್ಟೇ ನಮ್ಮ ವಿಮಾ ಕಂಪನಿಯ ಪತ್ರ ಬಂದಿತ್ತು. ಮನೆಯ ಪಾಲಿಸಿಯನ್ನು ನವೀಕರಿಸುವುದಿಲ್ಲವಂತೆ. ಕಾರಣ, ಕಾಡ್ಗಿಚ್ಚಿನ ಅಪಾಯ. ಕಾಯ್ದೆಯ ಪ್ರಕಾರ 75 ದಿನ ಮುಂಚೆ ತಿಳಿಸಬೇಕು, ತಿಳಿಸಿದ್ದಾರೆ. ಅಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು.

ಪತ್ರದ ಜೊತೆಗೆ ಮೇಲಿನಿಂದ ತೆಗೆದ ನಮ್ಮ ಮನೆಯ ಫೋಟೊ ಇದೆ. ಅದರಲ್ಲಿ ಗೋಡೆಗೆ ತಾಗಿಕೊಂಡು ಮರದ ಬೇಲಿ ಕಾಣುತ್ತದೆ, ಅದರ ಬುಡದಲ್ಲಿ ರೋಸ್‌ಮೇರಿ ಪೊದೆ. ಆ ಬೇಲಿಯನ್ನು ಕಿತ್ತು ಎಷ್ಟೋ ಕಾಲವಾಯಿತು. ಪೊದೆಯೂ ಇಲ್ಲ. ಅಲ್ಲೀಗ ಗೋಡೆಯಿಂದ ಐದಡಿವರೆಗೆ ಬರೀ ಜಲ್ಲಿ. ಅಟ್ಟದ ಗಾಳಿಕಿಂಡಿಗಳಿಗೆಲ್ಲ ಕಿಡಿ ನುಗ್ಗದಂತೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸಿದ್ದೇನೆ. ಸೌದೆ ಶೆಡ್ಡನ್ನು ಮನೆಯಿಂದ ದೂರ ಸಾಗಿಸಿದ್ದಾಯಿತು. ನಾವಿರುವ ಸಾಂತಾ ಕ್ರೂಜ್ ಬೆಟ್ಟದಲ್ಲಿ ರೆಡ್‌ವುಡ್ ಮರದ ಕೊಂಬೆ ಕಡಿಸಲು ಆಳು ಕರೆದರೆ ಎಷ್ಟು ಕೇಳುತ್ತಾರೆ ಎಂಬುದು ಇಲ್ಲಿದ್ದವರಿಗೇ ಗೊತ್ತು. ಚಾವಣಿಯ ಗಟರ್‌ನಲ್ಲಿ ಉದುರಿದ ಎಲೆ ಬಾಚುವುದಂತೂ ಮುಗಿಯದ ಕೆಲಸ. ಇದನ್ನೆಲ್ಲ ನಾನು ಶೋಕಿಗೆ ಮಾಡಿಸಿದ್ದಲ್ಲ. ರಾಜ್ಯದ ವಿಮಾ ಇಲಾಖೆ 2022ರಲ್ಲಿ ಹೊರಡಿಸಿದ 'ಸೇಫರ್ ಫ್ರಮ್ ವೈಲ್ಡ್‌ಫೈರ್ಸ್' ನಿಯಮದ ಪಟ್ಟಿ (ಕಾಡ್ಗಿಚ್ಚಿನಿಂದ ಮನೆ ಕಾಯಲು ಮಾಡಬೇಕಾದ ಕೆಲಸಗಳದ್ದು) ಮುಂದಿಟ್ಟುಕೊಂಡೇ ಮಾಡಿಸಿದ್ದು.

ಹೊಸ ಫೋಟೊ, ಬಿಲ್ಲು, ರಸೀದಿ ಎಲ್ಲ ಸೇರಿಸಿ ಮೇಲ್ಮನವಿ ಕಳಿಸಿದೆ. ಕಂಪನಿ ನಮ್ಮ ಮನೆಗೆ ಹಾಕಿದ ಕಾಡ್ಗಿಚ್ಚಿನ ಅಪಾಯದ ಸ್ಕೋರ್ ಪ್ರಶ್ನಿಸುವ ಹಕ್ಕನ್ನು ಅದೇ ನಿಯಮ ಕೊಟ್ಟಿದೆ. ಕಂಪನಿಯ ಉತ್ತರ ಕೇಳಿ: ಸ್ಕೋರ್ ಬೇರೆ, ನವೀಕರಣ ಬೇರೆಯಂತೆ! ಪಾಲಿಸಿ ಇದ್ದರೆ ಪ್ರೀಮಿಯಂನಲ್ಲಿ ರಿಯಾಯಿತಿ ಉಂಟು, ಪಾಲಿಸಿ ಕೊಡಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ. ಬೇಲಿ ಕೀಳು ಎಂದು ನಮಗೆ ಹೇಳುವ ಸರ್ಕಾರಕ್ಕೆ, ಕಿತ್ತವನಿಗೆ ವಿಮೆ ಕೊಡು ಎಂದು ಕಂಪನಿಗೆ ಹೇಳಲು ಬಾಯಿಲ್ಲವೇ?

ನಿಮ್ಮ ವರದಿಗಾರರು ಕೇಳಬೇಕಿದ್ದ ಪ್ರಶ್ನೆ ಇದೊಂದೇ, ಅವರು ಕೇಳಲೇ ಇಲ್ಲ. ಸೆನೆಟರ್ ಬೆನ್ ಆಲೆನ್ ಅವರ 2025ರ ಸೆನೆಟ್ ಮಸೂದೆ ಎಸ್‌ಬಿ 495 ಒಳ್ಳೆಯದೇ. ಮನೆ ಪೂರ್ತಿ ಸುಟ್ಟುಹೋದವರು ಕಳೆದುಕೊಂಡ ಚಮಚ, ಲೋಟ, ಸೀರೆ, ಕಾಲ್ಚೀಲಗಳನ್ನೆಲ್ಲ ನೆನಪಿಸಿಕೊಂಡು ಪಟ್ಟಿ ಬರೆದುಕೊಡುವ ಹಿಂಸೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. 2025ರ ಜನವರಿ 7ರಂದು ಲಾಸ್ ಏಂಜಲೀಸ್ ಸುತ್ತ ಹೊತ್ತಿದ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳಲ್ಲಿ 16,000ಕ್ಕೂ ಹೆಚ್ಚು ಕಟ್ಟಡ ಸುಟ್ಟವು, ಆ ಜನಕ್ಕೆ ಅದು ಬೇಕೇ ಬೇಕು. ಆದರೆ ಅದು ಪಾಲಿಸಿ ಇದ್ದವರ ಮಾತು. ಅಸೆಂಬ್ಲಿ ಸದಸ್ಯ ಕಾನೊಲಿ ಅವರ ಮಸೂದೆ ಎಬಿ 1 ಏನು ಹೇಳುತ್ತದೆ? ಆ ಸುರಕ್ಷತಾ ಪಟ್ಟಿಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು ಎನ್ನುತ್ತದೆ. ಅಂದರೆ ನಾವು ಮಾಡಬೇಕಾದ ಕೆಲಸ ಇನ್ನೂ ಉದ್ದವಾಗಬಹುದು, ಅಷ್ಟೇ. ತೈಲ ಕಂಪನಿಗಳಿಂದ ನಷ್ಟ ವಸೂಲಿಗೆ ದಾರಿ ಮಾಡುತ್ತಿದ್ದ ಎಸ್‌ಬಿ 222 ಮಸೂದೆ 2025ರ ಏಪ್ರಿಲ್‌ನಲ್ಲಿ ಸಮಿತಿಯಲ್ಲೇ ಬಿದ್ದುಹೋಯಿತು. 2018ರ ಕಾಯ್ದೆಯೊಂದು ನವೀಕರಣ ನಿರಾಕರಣೆಗೆ ತಡೆ ಹಾಕುತ್ತದೆ, ನಿಜ. ಆದರೆ ಅದು ದೊಡ್ಡ ಬೆಂಕಿ ಬಿದ್ದ ಮೇಲೆ, ಸುತ್ತಲಿನ ಜಿಪ್ ಕೋಡ್‌ಗಳಿಗೆ (ನಮ್ಮ ಪಿನ್ ಕೋಡ್ ಇದ್ದಂತೆ) ಮಾತ್ರ, ಅದೂ ಒಂದೇ ವರ್ಷ. ರಕ್ಷಣೆ ಬೇಕೆಂದರೆ ಮೊದಲು ನೆರೆಮನೆ ಸುಡಬೇಕೇ?

ಈಗ ನಮಗೆ ಉಳಿದ ದಾರಿ ಫೇರ್ ಪ್ಲಾನ್. ಬೇರೆಲ್ಲೂ ವಿಮೆ ಸಿಗದವರಿಗಾಗಿ 1968ರಲ್ಲಿ ಶುರುವಾದದ್ದು, ವಿಮಾ ಕಂಪನಿಗಳೆಲ್ಲ ಸೇರಿ ನಡೆಸುವಂಥದ್ದು. 2025ರಲ್ಲಿ ಅದರಲ್ಲಿದ್ದ ಮನೆಗಳು ಐದೂವರೆ ಲಕ್ಷ ದಾಟಿದವು, ಅದಕ್ಕೆ ಐದು ವರ್ಷದ ಹಿಂದೆ ಅದರ ಅರ್ಧವೂ ಇರಲಿಲ್ಲ. ಅದು ಕೊಡುವುದು ಬೆಂಕಿ, ಹೊಗೆ, ಸಿಡಿಲಿನಂಥವಕ್ಕೆ ಮಾತ್ರ. ಪೈಪ್ ಒಡೆದರೆ, ಕಳ್ಳತನವಾದರೆ, ಮೆಟ್ಟಿಲಲ್ಲಿ ಯಾರಾದರೂ ಜಾರಿ ಬಿದ್ದು ಕೋರ್ಟಿಗೆ ಹೋದರೆ ಇನ್ನೊಂದು ಪಾಲಿಸಿ ಬೇರೆ ಕೊಳ್ಳಬೇಕು. ಎರಡಕ್ಕೂ ಸೇರಿ ನನ್ನ ಏಜೆಂಟ್ ಹೇಳಿದ ಮೊತ್ತ ಕೇಳಿ ಹೆಂಡತಿ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದುಹೋದಳು. ಬೇಡವೆಂದು ಬಿಡುವಂತೆಯೂ ಇಲ್ಲ. ವಿಮೆ ತಪ್ಪಿದರೆ ಸಾಲ ಕೊಟ್ಟ ಬ್ಯಾಂಕು ತಾನೇ ದುಬಾರಿ ವಿಮೆಯೊಂದನ್ನು ಮಾಡಿಸಿ ನಮ್ಮ ಕಂತಿಗೆ ಸೇರಿಸುತ್ತದೆ. ಮನೆ ಮಾರೋಣವೆಂದರೆ, ವಿಮೆ ಸಿಗದ ಮನೆಗೆ ಸಾಲ ಹುಟ್ಟುವುದಿಲ್ಲ, ಕೊಳ್ಳುವವರೆಲ್ಲಿ? ಸಾಲದ್ದಕ್ಕೆ 2025ರ ಫೆಬ್ರುವರಿಯಲ್ಲಿ ಇದೇ ಫೇರ್ ಪ್ಲಾನ್‌ಗೆ ದುಡ್ಡು ಸಾಲದೆ ಕಂಪನಿಗಳಿಂದ 100 ಕೋಟಿ ಡಾಲರ್ ಎತ್ತಿದರು. ಅದರಲ್ಲಿ ಅರ್ಧವನ್ನು ಕಂಪನಿಗಳು ತಮ್ಮ ಗ್ರಾಹಕರ ಮೇಲೆ ಹಾಕಬಹುದು. ಬಿಟ್ಟು ಹೋಗುವವರೂ ಅವರೇ, ಹೋಗುವಾಗ ನಮ್ಮ ಜೇಬಿಗೆ ಕೈ ಹಾಕುವವರೂ ಅವರೇ.

ವಿಮಾ ಆಯುಕ್ತ ರಿಕಾರ್ಡೊ ಲಾರಾ ಅವರು ಕಂಪನಿಗಳು ಕೇಳಿದ್ದನ್ನೆಲ್ಲ ಕೊಟ್ಟಿದ್ದಾರೆ. ಮುಂದಾಗಬಹುದಾದ ಅನಾಹುತದ ಕಂಪ್ಯೂಟರ್ ಲೆಕ್ಕದ ಮೇಲೆ ದರ ನಿಗದಿ ಮಾಡಲು ಬಿಟ್ಟರು, ಮರುವಿಮೆಯ (ಕಂಪನಿಗಳು ತಮಗೆ ತಾವೇ ಮಾಡಿಸಿಕೊಳ್ಳುವ ವಿಮೆ) ಖರ್ಚನ್ನು ನಮ್ಮ ಮೇಲೆ ಹಾಕಲು ಬಿಟ್ಟರು. 2023ರಲ್ಲಿ ಮನೆಗಳಿಗೆ ಹೊಸದಾಗಿ ಪಾಲಿಸಿ ಕೊಡುವುದನ್ನು ನಿಲ್ಲಿಸಿದ ಸ್ಟೇಟ್ ಫಾರ್ಮ್‌ಗೆ (ನನ್ನದು ಬೇರೆ ಕಂಪನಿ) 2025ರ ಮೇ ತಿಂಗಳಲ್ಲಿ ಶೇ 17ರ ತುರ್ತು ದರ ಏರಿಕೆಗೆ ಒಪ್ಪಿದರು. ಬದಲಿಗೆ ಕಂಪನಿಗಳು ಇಡೀ ರಾಜ್ಯದ ಮಾರುಕಟ್ಟೆಯಲ್ಲಿ ತಮಗಿರುವ ಪಾಲಿನ ಶೇ 85ರಷ್ಟನ್ನಾದರೂ ಅಪಾಯದ ಪ್ರದೇಶಗಳಲ್ಲಿ ಹೊಂದಿರಬೇಕಂತೆ, ಅದೂ ಹಂತಹಂತವಾಗಿ. ದರ ಏರಿಕೆ ಇವತ್ತೇ, ಪಾಲಿಸಿ ಮಾತ್ರ ಹಂತಹಂತವಾಗಿ!

ಗಡುವಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಮನೆಯ ಸುತ್ತ ಐದಡಿ ಜಾಗದಲ್ಲಿ ಹತ್ತಿಕೊಳ್ಳುವ ವಸ್ತು ಇರಬಾರದೆಂದು 2020ರಲ್ಲೇ ಶಾಸನ ಮಾಡಿದರು. ವಿವರವಾದ ನಿಯಮ 2023ರ ಜನವರಿ 1ರೊಳಗೆ ಸಿದ್ಧವಾಗಬೇಕಿತ್ತು. ಆಗಲಿಲ್ಲ. ಲಾಸ್ ಏಂಜಲೀಸ್ ಸುಟ್ಟ ಮೇಲೆ ಗವರ್ನರ್ ನ್ಯೂಸಮ್ ಎದ್ದು 2025ರ ಕೊನೆಗೆ ಮುಗಿಸಿ ಎಂದು ಆಜ್ಞೆ ಮಾಡಿದರು. ಸರ್ಕಾರ ಗಡುವು ಮೀರಿದರೆ ಯಾರ ಪಾಲಿಸಿಯೂ ರದ್ದಾಗುವುದಿಲ್ಲ, ನಮಗೆ ಮಾತ್ರ 75 ದಿನ. ಬೆಂಕಿಯ ದಿನವೂ ಅಷ್ಟೇ, ಸಂಜೆ ಹೊತ್ತಿದ ಈಟನ್ ಬೆಂಕಿಗೆ ಪಶ್ಚಿಮ ಆಲ್ಟಡೀನಾ ಊರಿನ ಜನ ಮನೆ ಖಾಲಿ ಮಾಡಬೇಕೆಂಬ ಆದೇಶ ಹೋದದ್ದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಆ ಬೆಂಕಿಯಲ್ಲಿ ಸತ್ತವರು ಹೆಚ್ಚುಕಡಿಮೆ ಎಲ್ಲ ಆ ಭಾಗದವರೇ. ಪ್ಯಾಲಿಸೇಡ್ಸ್‌ನಲ್ಲಿ ದೊಡ್ಡ ನೀರಿನ ಜಲಾಶಯ ರಿಪೇರಿಗೆಂದು ಖಾಲಿ ಬಿದ್ದಿತ್ತು. 2018ರಲ್ಲಿ ಪ್ಯಾರಡೈಸ್ ಊರು ಸುಟ್ಟು 85 ಜನ ಸತ್ತರಲ್ಲ, ಆ ಬೆಂಕಿ ಹೊತ್ತಿದ್ದು ಪಿಜಿ ಆ್ಯಂಡ್ ಇ ಕಂಪನಿಯ ಹಳೆಯ ವಿದ್ಯುತ್ ಮಾರ್ಗದಿಂದ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಆ ಕಂಪನಿ ಇವತ್ತೂ ಕರೆಂಟ್ ಮಾರುತ್ತಿದೆ. ಇಂಥವರೆಲ್ಲ ಸೇರಿ, ಅಪಾಯ ಇರುವುದು ನನ್ನ ಬೇಲಿಯಲ್ಲಿ ಎನ್ನುತ್ತಾರೆ!

ಇಲ್ಲಿನ ಬೆಟ್ಟಗಳಲ್ಲಿರುವವರು ಶ್ರೀಮಂತರು, ಅನುಭವಿಸಲಿ ಎಂದು ಊರಿನಲ್ಲಿ ಕೆಲವರು ಮಾತಾಡುವುದು ಗೊತ್ತು. ಕೆಳಗೆ ಸ್ಯಾನ್ ಹೊಸೆಯಲ್ಲಿ ಮನೆ ಕೊಳ್ಳಲಾಗದೆ, ದಿನಾ ಹೈವೇ 17ರ ತಿರುವುಗಳಲ್ಲಿ ಕಾರು ಓಡಿಸಿದರೂ ಸರಿ ಎಂದು ಇಲ್ಲಿಗೆ ಬಂದವರು ನಾವು. ನಮ್ಮ ಬೀದಿಯಲ್ಲಿ ನಿವೃತ್ತ ಶಾಲಾ ಮೇಷ್ಟ್ರಿದ್ದಾರೆ, ಬಸ್ ಓಡಿಸುವವರಿದ್ದಾರೆ. 2020ರ ಬೆಂಕಿಯಲ್ಲಿ ಮನೆ ಕಳೆದುಕೊಂಡು ಇನ್ನೂ ಕಟ್ಟಲಾಗದವರಿದ್ದಾರೆ.

ಆದ್ದರಿಂದ ಶಾಸಕರು ಹೇಳಿದ್ದೆಲ್ಲ ಮಾಡಿದ ಮನೆಗೆ ಪಾಲಿಸಿ ಕೊಡಲೇಬೇಕೆಂದು ಒಂದು ಸಾಲು ಬರೆಯಲಿ. ಇಲ್ಲವೇ ಜಲ್ಲಿಗೂ ಜಾಲರಿಗೂ ನಾವು ಸುರಿದ ದುಡ್ಡನ್ನಾದರೂ ವಾಪಸ್ ಕೊಡಲಿ. ನೀವೂ ಅಷ್ಟೇ, ಮಸೂದೆ ಬಂದ ಮಾತ್ರಕ್ಕೆ ಪರಿಹಾರ ಸಿಕ್ಕಿತೆಂದು ಬರೆಯಬೇಡಿ. ವಿಮಾ ಆಯುಕ್ತರ ಹುದ್ದೆಗೆ ಚುನಾವಣೆ 2026ರಲ್ಲಿ. ಇಷ್ಟು ಮಾಡಲಾಗದವರು ವೋಟು ಕೇಳಿಕೊಂಡು ಈ ಬೆಟ್ಟ ಹತ್ತುವುದು ಬೇಡ.

ಇತಿ,
ತಮ್ಮ ಓದುಗ
ಬೌಲ್ಡರ್ ಕ್ರೀಕ್, ಕ್ಯಾಲಿಫೋರ್ನಿಯಾ