ಸೀನಾ, ಉಸಿರು ನೋಡುವುದನ್ನು ಕಲಿಯುತ್ತಿದ್ದೇನೆ

ಪ್ರಿಯ ಸೀನಾ,

ಖಾಸಗಿಯಾಗಿ ಬರೆದರೆ ನೀನು ಉತ್ತರ ಕೊಡುವುದಿಲ್ಲ. ನಾಲ್ಕು ಜನರ ಎದುರು ಕೇಳಿದರೆ ತಪ್ಪಿಸಿಕೊಳ್ಳಲಾರೆ ಎಂಬ ಧೈರ್ಯದಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಹಳದಿ ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ತುಮಕೂರು ರಸ್ತೆಯಲ್ಲಿ ಹೋಗಿ ಆಲೂರಿನ ಧಮ್ಮ ಪಫುಲ್ಲ ಎಂಬ ಧ್ಯಾನಕೇಂದ್ರದಲ್ಲಿ 10 ದಿನದ ವಿಪಶ್ಯನಾ ಧ್ಯಾನದ ಶಿಬಿರ ಮುಗಿಸಿ ಬಂದೆ. ಮೊದಲ ದಿನವೇ ಮೊಬೈಲ್ ಒಪ್ಪಿಸಿಬಿಡಬೇಕು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ನಾಲ್ಕೂವರೆಗೆ ಧ್ಯಾನ. ಆರ್ಯ ಮೌನ ಎಂದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಲದು, ಸನ್ನೆಯೂ ಕೂಡದು. ಶುಲ್ಕವಿಲ್ಲ, ಶಿಬಿರ ಮುಗಿಸಿದವರು ಮುಂದೆ ಬರುವವರಿಗಾಗಿ ಕೊಡುವ ದಾನದಿಂದಲೇ ಎಲ್ಲವೂ ನಡೆಯುತ್ತದೆ.

ಮೊದಲ ಮೂರು ದಿನ ಆನಾಪಾನ, ಅಂದರೆ ಉಸಿರನ್ನು ಗಮನಿಸುವುದು. ಮಂತ್ರವಿಲ್ಲ, ಮನಸ್ಸಿನಲ್ಲಿ ಯಾವ ರೂಪವನ್ನೂ ಇಟ್ಟುಕೊಳ್ಳುವಂತಿಲ್ಲ, ಎಣಿಕೆಯೂ ಇಲ್ಲ. ಪ್ರಾಣಾಯಾಮವಂತೂ ಅಲ್ಲವೇ ಅಲ್ಲ. ಉಸಿರು ದೀರ್ಘವಾಗಿದ್ದರೆ ದೀರ್ಘ, ಗಿಡ್ಡವಾಗಿದ್ದರೆ ಗಿಡ್ಡ, ತಿದ್ದಬಾರದು. ದಿನ ಕಳೆದಂತೆ ಗಮನದ ಜಾಗ ಕಿರಿದಾಗುತ್ತಾ ಹೋಗಿ, ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ ಬಂದು ನಿಲ್ಲುತ್ತದೆ. ಒಳಗೆ ಹೋಗುವ ಗಾಳಿ ಅಲ್ಲಿ ತಣ್ಣಗೆ ತಾಗುತ್ತದೆ, ಹೊರಬರುವುದು ಬೆಚ್ಚಗೆ. ಮೀಸೆಯ ಬುಡದ ಒಂದೊಂದೇ ಕೂದಲು ಅಲುಗುವುದೂ ತಿಳಿಯುತ್ತದೆ. ಒಂದು ಹೊಳ್ಳೆಯಲ್ಲಿ ಗಾಳಿ ಸಲೀಸಾಗಿ ಓಡಾಡುತ್ತಿದ್ದರೆ ಇನ್ನೊಂದು ಬಿಗಿಯಾಗಿರುತ್ತದೆ, ಕೆಲವು ಗಂಟೆಗಳ ಮೇಲೆ ಅದಲುಬದಲು. ಇದು ಶೀತವಲ್ಲ, ಬಹಳಷ್ಟು ಜನರ ಮೂಗೂ ಹಾಗೆಯೇ. ಇಷ್ಟು ವರ್ಷ ಈ ಮೂಗನ್ನು ಹೊತ್ತು ತಿರುಗಿದ್ದೇನೆ, ಗೊತ್ತಿರಲಿಲ್ಲ!

ನಿನಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಈ ಧ್ಯಾನವನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಮರಳಿ ತಂದವರು ಗೋಯೆಂಕಾ. ವ್ಯಾಪಾರಿ, ವಿಪರೀತ ಅರೆತಲೆನೋವಿಗೆ ಮದ್ದು ಹುಡುಕುತ್ತಾ ಗುರುವಿನ ಬಳಿ ಹೋದವರು. ಆ ಗುರು ಊ ಬಾ ಖಿನ್ ಯಾರು ಗೊತ್ತೇ? ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್! ನಿನ್ನದೇ ಇಲಾಖೆ, ಸೀನಾ. ತಮ್ಮ ಕಚೇರಿಯ ಸಿಬ್ಬಂದಿಗೂ ಧ್ಯಾನ ಕಲಿಸಿದರು. ಕಡತಗಳ ನಡುವೆ ಇದು ಸಾಧ್ಯವಿಲ್ಲ ಎಂದು ಇನ್ನು ಮೇಲೆ ನನ್ನೆದುರು ಹೇಳಬೇಡ.

ಕಷ್ಟ ಬೇರೆಯೇ ಇದೆ. ಹೃದಯದ ಬಡಿತವನ್ನು ಹೇಳಿದ ಹಾಗೆ ನಿಲ್ಲಿಸಲು ಬರುವುದಿಲ್ಲ, ಉಸಿರು ಹಾಗಲ್ಲ. ಮಿದುಳಿನ ಬುಡ ತಾನಾಗಿ ನಡೆಸುತ್ತದೆ, ಆದರೆ ನಾವು ಬೇಕೆಂದಾಗ ಕೈಯಿಡಲೂ ಬಿಡುತ್ತದೆ. ಅದಕ್ಕೇ ನೋಡಲು ಕುಳಿತ ಕೂಡಲೇ ಉಸಿರು ಬದಲಾಗುತ್ತದೆ, ಫೋಟೊ ತೆಗೆಯುತ್ತಾರೆಂದು ಗೊತ್ತಾದ ಮದುಮಗನ ಹಾಗೆ. ಬಿಗಿ ಹಿಡಿಯುವುದು ನಾನೇ ಎಂದು ತಿಳಿದರೂ ಬಿಡುವುದು ಹೇಗೆಂದು ತಿಳಿಯದು. ಆಮೇಲೆ ಯಾವುದೋ ಗಳಿಗೆಯಲ್ಲಿ ಅದು ತನ್ನ ಪಾಡಿಗೆ ಹೋಗಿಬರಲು ಶುರು ಮಾಡುತ್ತದೆ. ಉಸಿರು ಬಿಡುವಾಗ ಎದೆಬಡಿತವೂ ತುಸು ನಿಧಾನವಾಗುತ್ತದೆ. ಆ ನೆಮ್ಮದಿಗೆ ಹೆಸರಿಡಲು ನನಗೆ ಇಷ್ಟವಿಲ್ಲ.

ಶಿಬಿರದಲ್ಲಿ ಇಷ್ಟೇ. ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು.

ಸಂಜೆ ಹಾಲು ಕಾಯಿಸುತ್ತಾ ನಿಂತಿದ್ದೆ. ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ ಮೊಬೈಲ್ ಗುರ್ ಎಂದಿತು. ಪರದೆಯಲ್ಲಿ ‘ಅಪ್ಪ’. ನನ್ನ ಉಸಿರು ಅರ್ಧಕ್ಕೇ ನಿಂತಿತು. ಹೊಕ್ಕುಳ ಮೇಲಿನ ಭಾಗ ಹಲಗೆಯ ಹಾಗೆ ಗಟ್ಟಿಯಾಯಿತು. ಅಪ್ಪ ‘ಅಡಿಕೆ ಸುಲಿಯುವವರು ಇವತ್ತೂ ಬರಲಿಲ್ಲ ನೋಡು’ ಎಂದ ಮೇಲೆಯೇ ಅದು ಹೊರಗೆ ಬಂದದ್ದು. ಮರುದಿನವೂ ಹಾಗೆಯೇ, ಆಮೇಲೂ ಹಾಗೆಯೇ. ಅಮ್ಮನ ಸುದ್ದಿ ಬಂದದ್ದು ಇದೇ ಫೋನಿನಲ್ಲಿ. ನೀನೇ ಅಲ್ಲವೇ ಆ ಬೆಳಗಿನ ಜಾವ ನನ್ನನ್ನು ಬೈಕಿನಲ್ಲಿ ಮೆಜೆಸ್ಟಿಕ್‌ಗೆ ಬಿಟ್ಟವನು? ಅಂದಿನಿಂದ ಇಂದಿನವರೆಗೆ, ಅಪ್ಪನ ಒಂದೊಂದು ಕರೆಯನ್ನೂ ನಾನು ಉಸಿರು ಕಟ್ಟಿಕೊಂಡೇ ಎತ್ತಿದ್ದೇನೆ. ಅದು ಭಯ ಎಂದು ಈಗ ತಿಳಿಯಿತು. ಮಾತನ್ನು ಬೇಗ ಮುಗಿಸುವ ನನ್ನ ಆತುರವನ್ನು ಕೆಲಸದ ಒತ್ತಡ ಎಂದೇ ನಾನೂ ನಂಬಿದ್ದೆ, ಅಪ್ಪನೂ ನಂಬಿದ್ದಾನೆ. ಅಪ್ಪ ಇರುವಾಗಲೇ ಅಪ್ಪನನ್ನು ಕಳೆದುಕೊಳ್ಳುವ ಅಭ್ಯಾಸ ಮಾಡುತ್ತಿದ್ದೇನಲ್ಲ, ಸೀನಾ.

ಮೊನ್ನೆ ಒಂದು ಉಸಿರು ಪೂರ್ತಿ ಹೊರಹೋಗುವವರೆಗೆ ಕಾದು ಫೋನ್ ಎತ್ತಿದೆ. ‘ಹೂಂ’ ಎನ್ನುವ ಮೊದಲು ಅಪ್ಪನೂ ಒಂದು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅವನಿಗೂ ಭಯವೇ ಇರಬೇಕು. ನಾವಿಬ್ಬರೂ ಅಡಿಕೆ ಸುಲಿಯುವವರ ಬಗ್ಗೆ ಬಹಳ ಹೊತ್ತು ಮಾತನಾಡಿದೆವು.

ಸಾಕು. ಇಷ್ಟೆಲ್ಲ ಬರೆಯುವ ಇರಾದೆ ಇರಲಿಲ್ಲ; ಆಲೂರಿನ ಊಟದ ವರ್ಣನೆ ಮಾಡಿ ಮುಗಿಸೋಣ ಎಂದಿದ್ದೆ. ಓದುತ್ತಿರುವ ನೀವುಗಳೂ ದಯವಿಟ್ಟು ನನಗೆ ಸಮಾಧಾನ ಹೇಳಲು ಬರಬೇಡಿ, ನಾನು ಚೆನ್ನಾಗಿದ್ದೇನೆ. ನಿಮ್ಮ ನಿಮ್ಮ ಮನೆಗೆ ಒಂದು ಫೋನ್ ಮಾಡಿ.

ನೀನು ಮಾತ್ರ ಹೋಗಿ ಬಾ, ಸೀನಾ. ಮೊಣಕಾಲು ನೋವೆಂದರೆ ಕುರ್ಚಿ ಕೊಡುತ್ತಾರೆ, ಆ ನೆಪ ನಡೆಯುವುದಿಲ್ಲ. ಮನಸ್ಸು ಓಡಿಹೋಯಿತೆಂದು ಎದ್ದು ಬರಬೇಡ. ಓಡಿತೆಂದು ಗೊತ್ತಾದಾಗ ಮತ್ತೆ ಮೂಗಿನ ಬಳಿಗೆ ಕರೆತರುವುದೇ ಕೆಲಸ. ರಜೆಯ ಅರ್ಜಿಯಲ್ಲಿ ಕಾರಣ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ಅತ್ತೆಯ ಎಮ್ಮೆಯ ಬಾಣಂತನ ಎಂದು ಮಾತ್ರ ಬರೆಯಬೇಡ, ಅದನ್ನು ಒಮ್ಮೆ ಬಳಸಿಯಾಗಿದೆ.

ನಿನ್ನ,
ಮೂರನೆಯ ಬೆಂಚು