ಸವೆದ ಶಾಸನಕ್ಕೆ ಇಪ್ಪತ್ನಾಲ್ಕು ಬೆಳಕು

ಬೆಳಗಾವಿ

ಪ್ರೀತಿಯ ದೋಸ್ತ,

ಗುಡಿ ಹಿಂದೆ ಮಲಗಿರುವ ಶಾಸನದ ಐದೂ ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲಿನ ಮೂರು ಸಾಲು ಓದಲು ಬರುತ್ತವೆ. ನಾಲ್ಕನೆಯ ಸಾಲಿನಿಂದ ಕೆಳಗೆ ಬರೀ ಸವೆದ ಕೆಂಪು ಮರಳುಗಲ್ಲು. ಇದಕ್ಕಿಂತ ದುಬಾರಿ ಕ್ಯಾಮೆರಾ ಬಾಡಿಗೆಗೆ ತರಲೇ ಎಂದು ಕೇಳಿದ್ದೀ. ಬೇಡ. ನಿನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಕು. ಐದೂ ಫೋಟೋ ನಡುಮಧ್ಯಾಹ್ನ ತೆಗೆದವು, ತೊಡಕು ಇರುವುದು ಅಲ್ಲಿ.

ಕಾಗದದ ಅಕ್ಷರ ಮಸಿಯ ಬಣ್ಣದಿಂದ ಕಾಣುತ್ತದೆ. ಕಲ್ಲಿನ ಅಕ್ಷರಕ್ಕೆ ಬೇರೆ ಬಣ್ಣವಿಲ್ಲ, ಇಳಿಜಾರು ಒಂದೇ ಇದೆ. ಹೊಳಪಿಲ್ಲದ ಮೇಲ್ಮೈ ಎಷ್ಟು ಬೆಳಗುತ್ತದೆ ಎಂಬುದು ಬೆಳಕು ಬೀಳುವ ಕೋನವನ್ನು ಅವಲಂಬಿಸಿದೆ ಎಂದು ಗಣಿತಜ್ಞ ಲ್ಯಾಂಬರ್ಟ್ 1760ರಲ್ಲೇ ತೋರಿಸಿದ್ದ. ಸವೆದ ಅಕ್ಷರದ ಅಂಚು ಬೆಳಕಿನ ಕಡೆಗೆ 5 ಡಿಗ್ರಿ ವಾಲಿದೆ ಅಂತ ಇಟ್ಟುಕೋ. ಸೂರ್ಯ 75 ಡಿಗ್ರಿ ಮೇಲಿದ್ದಾಗ ಆ ಅಂಚು ಪಕ್ಕದ ಸಪಾಟು ಕಲ್ಲಿಗಿಂತ ಬೆಳಗುವುದು ಶೇ 2ರಷ್ಟು ಹೆಚ್ಚು, ಅಷ್ಟೇ. 80 ಡಿಗ್ರಿಯ ಸೈನ್ ಬೆಲೆಯನ್ನು 75ರ ಸೈನ್ ಬೆಲೆಯಿಂದ ಭಾಗಿಸಿದರೆ ಇದು ಸಿಗುತ್ತದೆ. ಪಾಚಿ, ಕಲೆ, ಹರಳುಗಳ ಬಣ್ಣದ ಏರುಪೇರಿನಲ್ಲಿ ಶೇ 2 ಎಲ್ಲಿ ಕಂಡೀತು? ಬೆಳಕು 15 ಡಿಗ್ರಿಗೆ ಇಳಿದರೆ ಅದೇ ಅಂಚಿನ ವ್ಯತ್ಯಾಸ ಶೇ 32 ಆಗುತ್ತದೆ. ಹೊತ್ತು ಇಳಿದ ಮೇಲೆ ಶಾಸನ ಎದ್ದು ಕಾಣುವುದು ಇದಕ್ಕೇ.

ಹಾಗಂತ ಸಂಜೆಯ ಒಂದು ಫೋಟೋ ಸಾಲುವುದಿಲ್ಲ. ಬೆಳಕು ಬರುವ ದಿಕ್ಕಿನಲ್ಲೇ ಉದ್ದಕ್ಕೆ ಓಡುವ ಗೆರೆಯ ಎರಡೂ ಅಂಚು ಒಂದೇ ಸಮ ಬೆಳಗುತ್ತವೆ, ಗೆರೆ ಮಾಯವಾಗುತ್ತದೆ. ಕನ್ನಡದ ಅಕ್ಷರ ದುಂಡು. ಬೆಳಕನ್ನು ಯಾವ ಕಡೆಯಿಂದ ಬಿಟ್ಟರೂ ಪ್ರತಿ ಸುತ್ತಿನ ಯಾವುದೋ ಒಂದು ತುಂಡು ಆ ದಿಕ್ಕಿಗೆ ಸಿಕ್ಕಿ ಅಳಿಸಿಹೋಗುತ್ತದೆ. ಉಳಿದ ತುಂಡು ನೋಡಿ ಊಹಿಸಲು ಹೋದರೆ ಒಂದಕ್ಷರ ಇನ್ನೊಂದಾಗುತ್ತದೆ.

ಇದಕ್ಕೆ ದಾರಿಯನ್ನು ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ವುಡಮ್ 1980ರಲ್ಲಿ ಬರೆದ. ಹೆಸರು ಫೋಟೊಮೆಟ್ರಿಕ್ ಸ್ಟೀರಿಯೊ. ಕ್ಯಾಮೆರಾ ಕದಲಬಾರದು, ಕಲ್ಲು ಕದಲಬಾರದು, ಬೆಳಕು ಮಾತ್ರ ಜಾಗ ಬದಲಿಸಬೇಕು. ಆಗ ಪ್ರತಿ ಪಿಕ್ಸೆಲ್ಲಿನಲ್ಲಿ ಗೊತ್ತಿಲ್ಲದ ಸಂಖ್ಯೆ ಮೂರೇ: ಅಲ್ಲಿನ ಲಂಬದ (ಮೇಲ್ಮೈಗೆ ನೆಟ್ಟಗೆ ನಿಂತ ಗೆರೆಯ) ದಿಕ್ಕಿಗೆ ಎರಡು, ಕಲ್ಲಿನ ಸ್ವಂತ ಬಿಳುಪಿಗೆ ಒಂದು. ಬಿಳುಪನ್ನು ಲಂಬಕ್ಕೆ ಗುಣಿಸಿ ಒಂದೇ ಸದಿಶ (ಉದ್ದವೂ ದಿಕ್ಕೂ ಇರುವ ಬಾಣ) ಮಾಡಿಕೊಂಡರೆ, ಪ್ರತಿ ಫೋಟೋದ ಹೊಳಪು ಆ ಸದಿಶ ಮತ್ತು ಬೆಳಕಿನ ದಿಕ್ಕಿನ ಬಿಂದು ಗುಣಲಬ್ಧ, ಅಂದರೆ ಭಾಗಕ್ಕೆ ಭಾಗ ಗುಣಿಸಿ ಕೂಡಿಸಿದ ಮೊತ್ತ. ಮೂರು ಬೆಳಕು, ಮೂರು ಸರಳ ಸಮೀಕರಣ, ಮೂರು ಉತ್ತರ. ಸಿಕ್ಕ ಸದಿಶದ ಉದ್ದ ಬಿಳುಪು, ದಿಕ್ಕು ಇಳಿಜಾರು. ಕಲೆಯೂ ಪಾಚಿಯೂ ಉದ್ದದ ಕಡೆ ಹೋಗುತ್ತವೆ, ಉಳಿಯ ಗುರುತು ದಿಕ್ಕಿನ ಕಡೆ ಬರುತ್ತದೆ. ಈ ಬೇರ್ಪಡಿಕೆಗಿಂತ ಚೆಂದದ್ದು ಚಿತ್ರಗಣಿತದಲ್ಲಿ ಬಹಳ ಇಲ್ಲ.

ಮೂರು ಬೆಳಕು ಒಂದೇ ಸಮತಲದಲ್ಲಿದ್ದರೆ ಮಾತ್ರ ಸಮೀಕರಣ ಬಿಡಿಸಲು ಬರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲಲ್ಲೇ ತೆಗೆದರಾಗದೇ ಎಂದು ನೀ ಕೇಳುವುದಕ್ಕೆ ಇದೇ ಉತ್ತರ. ಮಾರ್ಚ್ 21, ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯನ ಇಡೀ ದಿನದ ದಿಕ್ಕುಗಳು ಒಂದೇ ಸಮತಲದಲ್ಲಿ ಇರುತ್ತವೆ. ಮೂರಲ್ಲ, ಮೂವತ್ತು ಫೋಟೋ ತೆಗೆದರೂ ಎರಡು ಸಮೀಕರಣದ ಬೆಲೆಯಷ್ಟೇ. ಬೇರೆ ತಿಂಗಳಲ್ಲಿ ತುಸು ವಾಸಿ, ಆದರೆ ಸದ್ದು ವಿಪರೀತ. ಸದ್ದು ಎಂದರೆ ಸೆನ್ಸರಿನ ಸಣ್ಣ ತಪ್ಪುಗಳು. ಅದಕ್ಕೇ ರಾತ್ರಿ, ಫ್ಲಾಶ್ ಹಿಡಿದು ಕೆಲಸ.

ಬೆಳಕು ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೂ ಲೆಕ್ಕವಿದೆ. ಕಲ್ಲಿನ ಸುತ್ತ ಸಮ ಅಂತರದಲ್ಲಿ ಬೆಳಕಿಟ್ಟರೆ, ಎಲ್ಲ ದಿಕ್ಕಿಗೂ ತಪ್ಪು ಸಮನಾಗಿ ಹಂಚಿಹೋಗುವುದು ಎತ್ತರ 35 ಡಿಗ್ರಿ ಇದ್ದಾಗ. ಕೋನದ ಟ್ಯಾಂಜೆಂಟಿನ ವರ್ಗ ಅರ್ಧವಾಗುವ ಜಾಗ ಅದು. 75 ಡಿಗ್ರಿಗೆ ಏರಿಸಿದರೆ ಕನಿಷ್ಠ ವರ್ಗದ (ತಪ್ಪುಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆ ಮಾಡುವ ಲೆಕ್ಕದ) ಮ್ಯಾಟ್ರಿಕ್ಸಿನ ದೊಡ್ಡ ಮತ್ತು ಸಣ್ಣ ಐಗನ್ ಬೆಲೆಗಳ (ಯಾವ ದಿಕ್ಕಿಗೆ ಮಾಹಿತಿ ಎಷ್ಟು ಎಂಬ ಅಳತೆಗಳ) ಅನುಪಾತ 28 ಆಗುತ್ತದೆ, ಇಳಿಜಾರಿನ ಉತ್ತರ ಹದಗೆಡುತ್ತದೆ. ತೀರ ಕೆಳಗಿಟ್ಟರೆ ನೆರಳೇ ನೆರಳು. ನನ್ನ ಸಲಹೆ: 30, 45, 60 ಡಿಗ್ರಿಯ ಮೂರು ಸುತ್ತು, ಸುತ್ತಿಗೆ ಎಂಟು, ಒಟ್ಟು 24 ಬೆಳಕು.

ದೂರ ಹತ್ತು ಅಡಿ ಇರಲಿ. ನಿನ್ನ ಕಲ್ಲು ಮೂರಡಿ ಉದ್ದ ಇದೆ. 30 ಡಿಗ್ರಿಯಿಂದ ನಾಲ್ಕೇ ಅಡಿ ದೂರದಲ್ಲಿ ಫ್ಲಾಶ್ ಹೊಡೆದರೆ ದೂರದ ವ್ಯತ್ಯಾಸ ಒಂದರಿಂದಲೇ ಹತ್ತಿರದ ಅಂಚಿಗೆ ದೂರದ ಅಂಚಿಗಿಂತ 3.6 ಪಟ್ಟು ಬೆಳಕು ಬೀಳುತ್ತದೆ. ಹತ್ತಡಿಯಿಂದ 1.7 ಪಟ್ಟು. ಲೆಕ್ಕಕ್ಕೆ ಇದು ಗೊತ್ತಾಗುವುದಿಲ್ಲ. ಬೆಳಕಿನ ಇಳಿಕೆಯನ್ನೇ ಇಳಿಜಾರೆಂದು ತಿಳಿದು ಸಪಾಟು ಕಲ್ಲನ್ನು ಬೋಗುಣಿಯಂತೆ ಬಾಗಿಸಿಬಿಡುತ್ತದೆ. ಫ್ಲಾಶಿಗೆ ಹತ್ತಡಿ ದಾರ ಕಟ್ಟು. ಇನ್ನೊಂದು ತುದಿಯನ್ನು ಕಲ್ಲಿನ ನಡುವಿಗೆ ತಂದು ಎಳೆದು ನೋಡು, ದಾರ ತೆಗೆದು ಹೊಡೆ. 30 ಡಿಗ್ರಿಗೆ ಫ್ಲಾಶ್ ಕಲ್ಲಿನ ಮಟ್ಟದಿಂದ 5 ಅಡಿ ಮೇಲೆ, 45ಕ್ಕೆ 7 ಅಡಿ, 60ಕ್ಕೆ 8.7 ಅಡಿ ಬರುತ್ತದೆ. ಬಿದಿರು ಗಳಕ್ಕೆ ಕಟ್ಟಿ ಆ ಮೂರು ಅಳತೆಗೆ ಗುರುತು ಹಾಕಿಕೊಂಡರೆ ರಾತ್ರಿ ತಡಕಾಡುವುದು ತಪ್ಪುತ್ತದೆ.

ಕ್ಯಾಮೆರಾ ಕಲ್ಲಿನ ಮೇಲೆ ನೇರ ಕೆಳಗೆ ನೋಡಬೇಕು. 35 ಮಿ.ಮೀ. ಲೆನ್ಸಿಗೆ ನಾಲ್ಕೂವರೆ ಅಡಿ ಎತ್ತರ ಸಾಕು. ಅಡ್ಡ ತೋಳಿನ ಟ್ರೈಪಾಡ್ ಬಾಡಿಗೆಗೆ ಸಿಗುತ್ತದೆ, ತೋಳಿನ ಹಿಂದಿನ ತುದಿಗೆ ಉಸುಕಿನ ಚೀಲ ತೂಗುಹಾಕು. ಎಲ್ಲವೂ ಮ್ಯಾನ್ಯುವಲ್: ಎಫ್ 8, ಐಎಸ್ಒ 100, ಶಟರ್ 1/125, ಫೋಕಸ್ ಒಮ್ಮೆ ಹಿಡಿದು ಬಂದ್, ವೈಟ್ ಬ್ಯಾಲೆನ್ಸ್ ಒಂದೇ. ಫ್ಲಾಶಿನ ಶಕ್ತಿಯೂ ಕೊನೆವರೆಗೆ ಒಂದೇ ಇರಲಿ, ಎರಡು ಹೊಡೆತದ ನಡುವೆ ಹತ್ತು ಸೆಕೆಂಡು ಬಿಡು, ಇಲ್ಲವಾದರೆ ಪೂರ್ತಿ ಚಾರ್ಜ್ ಆಗದೆ ಬೆಳಕು ಕುಗ್ಗುತ್ತದೆ. ಎಕ್ಸ್‌ಪೋಶರನ್ನು 60 ಡಿಗ್ರಿಯ ಸುತ್ತಿನಲ್ಲಿ ಹೊಂದಿಸು, ಏಕೆಂದರೆ ಅತಿ ಹೆಚ್ಚು ಬೆಳಗುವುದು ಅಲ್ಲೇ. ಅಲ್ಲಿ ಯಾವ ಪಿಕ್ಸೆಲ್ಲೂ ಪೂರ್ತಿ ಬಿಳಿಯಾಗಿ ಸುಡದಿದ್ದರೆ ಉಳಿದ ಸುತ್ತಿಗೆ ಚಿಂತೆಯಿಲ್ಲ.

ರಾ ಫೈಲೇ (ಸೆನ್ಸರಿನ ಸಂಖ್ಯೆಗಳನ್ನು ತಿದ್ದದೆ ಇಟ್ಟದ್ದು) ಬೇಕು. ಜೆಪೆಗ್ ಕೆಲಸಕ್ಕೆ ಬರುವುದಿಲ್ಲ. ಬೆಳಕು ಅರ್ಧವಾದಾಗ ಸೆನ್ಸರಿನ ಸಂಖ್ಯೆಯೂ ಅರ್ಧವಾಗುತ್ತದೆ, ಆದರೆ ಜೆಪೆಗ್ ಅದನ್ನು ಕಣ್ಣಿಗೆ ಹಿತವಾಗುವಂತೆ ಬಗ್ಗಿಸಿ 255ರಲ್ಲಿ 128ರ ಬದಲು 188 ಎಂದು ಬರೆಯುತ್ತದೆ. ನಮ್ಮ ಸಮೀಕರಣ ಸರಳ ರೇಖೆಯದು, ಬಗ್ಗಿದ ಸಂಖ್ಯೆ ಕೊಟ್ಟರೆ ಎಲ್ಲ ಇಳಿಜಾರೂ ತಪ್ಪು. ರಾ ಫೈಲನ್ನು 16 ಬಿಟ್ಟಿನ ಲೀನಿಯರ್ ಟಿಫ್ ಮಾಡು, ಗಾಮಾ ತಿದ್ದುಪಡಿ (ಮೇಲೆ ಹೇಳಿದ ಬಗ್ಗಿಸುವಿಕೆ) ಹಾಕಬೇಡ. ಫ್ಲಾಶ್ ಹೊಡೆಯದೆ ಒಂದು ಫೋಟೋ ತೆಗೆದಿಡು. ಅದು ಪೂರ್ತಿ ಕರ್ರಗಿಲ್ಲದಿದ್ದರೆ, ಅಂದರೆ ಬೀದಿದೀಪದ ಬೆಳಕು ಬರುತ್ತಿದ್ದರೆ, ಅದನ್ನು ಉಳಿದ 24ರಿಂದಲೂ ಕಳೆಯಬೇಕು.

ಕಲ್ಲಿಗೆ ಎಣ್ಣೆ ಹಚ್ಚುತ್ತಾರಾ? ಹಚ್ಚುತ್ತಿದ್ದರೆ ಆ ಭಾಗ ಕನ್ನಡಿಯಂತೆ ಮಿಂಚುತ್ತದೆ, ಲ್ಯಾಂಬರ್ಟನ ನಿಯಮ ಅಲ್ಲಿ ನಡೆಯುವುದಿಲ್ಲ. ಆದರೂ ನೀನಾಗಿ ಏನನ್ನೂ ಉಜ್ಜಿ ತೆಗೆಯಬೇಡ. ಮೆತ್ತನೆ ಬ್ರಶ್ಶಿನಿಂದ ಧೂಳು ಹೊಡೆ, ಅಷ್ಟೇ. ಅಕ್ಷರದೊಳಗೆ ಸುಣ್ಣ, ಹಿಟ್ಟು, ಇದ್ದಿಲು ತುಂಬುವವರಿದ್ದಾರೆ. ತುಂಬುವವರ ಕೈ ತಾವು ಓದಿದ ಅಕ್ಷರವನ್ನೇ ಬರೆಯುತ್ತದೆ, ಮುಂದೆ ಬರುವವರಿಗೆ ಕಲ್ಲು ಕಾಣದೆ ಆ ಊಹೆ ಕಾಣುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಗುಂಡು. ಬೆಳಕಿನ ದಿಕ್ಕನ್ನು ದಾರದಿಂದ ಅಳೆದರೆ ಸಾಲದು, ಫೋಟೋದಲ್ಲೇ ದಾಖಲಾಗಬೇಕು. ಸ್ನೂಕರಿನ ಕರಿ ಗುಂಡು 52.5 ಮಿ.ಮೀ. ಇರುತ್ತದೆ. ಮೂರಡಿ ಕಲ್ಲು 6000 ಪಿಕ್ಸೆಲ್ ತುಂಬಿದರೆ ಗುಂಡಿನ ತ್ರಿಜ್ಯ ಸುಮಾರು 175 ಪಿಕ್ಸೆಲ್ ಬರುತ್ತದೆ. ಅದನ್ನು ಕಲ್ಲಿನ ಪಕ್ಕ ಅದೇ ಮಟ್ಟದಲ್ಲಿ ಚೌಕಟ್ಟಿನೊಳಗೆ ಇಡು. ಪ್ರತಿ ಫೋಟೋದಲ್ಲೂ ಅದರ ಮೇಲೆ ಫ್ಲಾಶಿನ ಚುಕ್ಕಿ ಮೂಡುತ್ತದೆ. ಚುಕ್ಕಿ ಕೇಂದ್ರದಿಂದ ಬಲಕ್ಕೆ 67 ಪಿಕ್ಸೆಲ್ ಇದೆ ಅನ್ನು. 67ನ್ನು 175ರಿಂದ ಭಾಗಿಸಿದರೆ 0.383, ಇದು ಆ ಜಾಗದ ಲಂಬದ ಅಡ್ಡ ಭಾಗ. ಇದರ ವರ್ಗವನ್ನು ಒಂದರಿಂದ ಕಳೆದು ವರ್ಗಮೂಲ ತೆಗೆದರೆ 0.924, ಇದು ನೆಟ್ಟ ಭಾಗ. ಎರಡನ್ನೂ ಗುಣಿಸಿ ಇಮ್ಮಡಿ ಮಾಡಿದರೆ 0.71, ಬೆಳಕಿನ ಅಡ್ಡ ಭಾಗ. ನೆಟ್ಟ ಭಾಗದ ವರ್ಗವನ್ನು ಇಮ್ಮಡಿ ಮಾಡಿ ಒಂದು ಕಳೆದರೆ 0.71, ಬೆಳಕಿನ ನೆಟ್ಟ ಭಾಗ. ಅಂದರೆ ಬೆಳಕು ಬಲಗಡೆ 45 ಡಿಗ್ರಿ ಎತ್ತರದಲ್ಲಿದೆ. ಪ್ರತಿಫಲನದ ನಿಯಮ ಬಿಟ್ಟರೆ ಇದರಲ್ಲಿ ಬೇರೇನಿಲ್ಲ.

ಅದೇ ನಿಯಮ ತಪ್ಪನ್ನೂ ಇಮ್ಮಡಿ ಮಾಡುತ್ತದೆ. ಕೇಂದ್ರ 3 ಪಿಕ್ಸೆಲ್ ಆಚೀಚೆ ಆದರೆ ಲಂಬ ಒಂದು ಡಿಗ್ರಿ, ಬೆಳಕು ಎರಡು ಡಿಗ್ರಿ ತಪ್ಪುತ್ತದೆ. ಕಣ್ಣಂದಾಜಿಗೆ ಬಿಡದೆ, ಗುಂಡಿನ ಅಂಚಿನ ಮೇಲೆ ಹತ್ತು ಬಿಂದು ಹಿಡಿದು ಕನಿಷ್ಠ ವರ್ಗದಿಂದ ವೃತ್ತ ಕೂಡಿಸು. ಚಿತ್ರದಲ್ಲಿ ಸಾಲುಗಳ ಎಣಿಕೆ ಮೇಲಿನಿಂದ ಕೆಳಗೆ ಹೋಗುತ್ತದೆ, ಗಣಿತದಲ್ಲಿ ಕೆಳಗಿನಿಂದ ಮೇಲೆ. ಆ ಚಿಹ್ನೆ ಮರೆತರೆ ಅಡ್ಡ ಗೆರೆಗಳು ತಗ್ಗಾಗುವ ಬದಲು ಉಬ್ಬಾಗಿ ಬರುತ್ತವೆ. ಪರೀಕ್ಷೆಗೆ ಒಣಗಿದ ಮಣ್ಣಿನ ಸಣ್ಣ ಉಂಡೆಯೊಂದನ್ನು ಕಲ್ಲಿನ ಪಕ್ಕದಲ್ಲಿಡು. ಅದು ಎಲ್ಲ ಕಡೆಯಿಂದಲೂ ಉಬ್ಬಾಗಿ ಬಂದರೆ ಚಿಹ್ನೆ ಸರಿ.

ಲೆಕ್ಕವನ್ನು ಪೈಥಾನ್ ಭಾಷೆಯ ಗಣಿತದ ಲೈಬ್ರರಿ ನಮ್‌ಪೈನಲ್ಲಿ ಹತ್ತಿಪ್ಪತ್ತು ಸಾಲಿನಲ್ಲಿ ಮಾಡಬಹುದು. 24 ದಿಕ್ಕುಗಳ ಮ್ಯಾಟ್ರಿಕ್ಸ್ ಎಲ್ಲ ಪಿಕ್ಸೆಲ್ಲಿಗೂ ಒಂದೇ ಆದ್ದರಿಂದ ಅದರ ಹುಸಿ ವಿಲೋಮವನ್ನು (ಸಮೀಕರಣಗಳನ್ನು ಒಂದೇ ಗುಣಾಕಾರದಲ್ಲಿ ಬಿಡಿಸುವ ಮ್ಯಾಟ್ರಿಕ್ಸನ್ನು) ಒಮ್ಮೆ ಕಂಡುಕೊಂಡರೆ ಸಾಕು, ಉಳಿದದ್ದು ಗುಣಾಕಾರ. ಎಲ್ಲ ಫೋಟೋ ಒಟ್ಟಿಗೆ ತುಂಬಿದರೆ 2.3 ಜಿಬಿ ಮೆಮೊರಿ ಹಿಡಿಯುತ್ತದೆ. 500 ಸಾಲಿನ ಪಟ್ಟಿಗಳಾಗಿ ಕತ್ತರಿಸಿದರೆ ಹಳೆ ಲ್ಯಾಪ್‌ಟಾಪಿಗೂ ಭಾರವಲ್ಲ. ಇದು ಮೊದಲ ಸುತ್ತು. ಎರಡನೆಯ ಸುತ್ತಿನಲ್ಲಿ ಪ್ರತಿ ಪಿಕ್ಸೆಲ್ಲಿನ 24 ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿ, ಕೆಳಗಿನ ಆರು, ಮೇಲಿನ ಎರಡು ಬಿಟ್ಟು ಮತ್ತೆ ಬಿಡಿಸು. ಕೆಳಗಿನವುಗಳಲ್ಲಿ ನೆರಳಿದೆ, ಟ್ರೈಪಾಡ್ ಕಾಲಿನ ನೆರಳೂ ಸೇರಿ. ಮೇಲಿನವುಗಳಲ್ಲಿ ಎಣ್ಣೆಯ ಮಿಂಚಿದೆ. ಈ ಸುತ್ತಿನಲ್ಲಿ ಪ್ರತಿ ಪಿಕ್ಸೆಲ್ಲಿಗೂ ಬೇರೆ ಮ್ಯಾಟ್ರಿಕ್ಸ್ ಆಗುತ್ತದೆ, ನಿಧಾನ. ಆದರೂ ಮಾಡು, 24 ಬೆಳಕು ಕೇಳಿದ್ದೇ ಇದಕ್ಕೆ.

ಫೋಟೋಗಳ ನಡುವೆ ಕ್ಯಾಮೆರಾ ಒಂದು ಪಿಕ್ಸೆಲ್ ಸರಿದಿದ್ದರೂ ಪ್ರತಿ ಹರಳಿನ ಸುತ್ತ ಸುಳ್ಳು ಅಂಚು ಏಳುತ್ತದೆ, ಇಡೀ ಕಲ್ಲು ಮೊಡವೆ ಎದ್ದಂತೆ ಕಾಣುತ್ತದೆ. ನೆರಳು ಜಾಗ ಬದಲಿಸುವುದರಿಂದ ಸಾಫ್ಟ್‌ವೇರಿನಲ್ಲಿ ಕೂಡಿಸಿಕೊಳ್ಳುವುದೂ ಕಷ್ಟ. ಮೊದಲ ಬೆಳಕಿನ ಫೋಟೋವನ್ನು ಕೊನೆಗೆ ಇನ್ನೊಮ್ಮೆ ತೆಗೆದು ಎರಡನ್ನೂ ಕಳೆದು ನೋಡು. ಅಕ್ಷರದ ಅಂಚು ಉಳಿದಿದ್ದರೆ ಕ್ಯಾಮೆರಾ ಸರಿದಿದೆ ಎಂದರ್ಥ, ಮತ್ತೆ ಮೊದಲಿನಿಂದ.

ಇಳಿಜಾರು ಸಿಕ್ಕ ಮೇಲೆ ಎತ್ತರ ಕಂಡುಹಿಡಿಯುವ ಆಸೆ ಬರುತ್ತದೆ. ಸಂಶೋಧಕರಾದ ಫ್ರಾಂಕಟ್ ಮತ್ತು ಚೆಲ್ಲಪ್ಪ 1988ರಲ್ಲಿ ಕೊಟ್ಟ ಫೂರಿಯೆ ದಾರಿಯಲ್ಲಿ, ಅಂದರೆ ಚಿತ್ರವನ್ನು ಅಲೆಗಳಾಗಿ ಒಡೆದು ಲೆಕ್ಕ ಹಾಕಿದರೆ, ಅದು ಕ್ಷಣದ ಕೆಲಸ. ಆದರೆ ಆ ಸೂತ್ರ ಆವರ್ತಾಂಕದಿಂದ (ಅಲೆ ಎಷ್ಟು ಬೇಗ ಮರುಕಳಿಸುತ್ತದೆ ಎಂಬ ಸಂಖ್ಯೆಯಿಂದ) ಭಾಗಿಸುತ್ತದೆ, ಹಾಗಾಗಿ ನಿಧಾನವಾಗಿ ಬಾಗುವ ತಪ್ಪುಗಳು ಬೆಟ್ಟದಷ್ಟಾಗುತ್ತವೆ, ಬೋಗುಣಿ ಮತ್ತೆ ಬರುತ್ತದೆ. ಅಕ್ಷರದ ಆಳ ಇಷ್ಟು ಮಿ.ಮೀ. ಎಂದೂ ಬರೆಯಬೇಡ. ತಗ್ಗಿನ ಒಂದು ಗೋಡೆಯ ಬೆಳಕು ಇನ್ನೊಂದರ ಮೇಲೆ ಬಿದ್ದು ಆಳ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ.

ಓದಲು ಎತ್ತರ ಬೇಕಾಗಿಲ್ಲ. ಅಡ್ಡ ಇಳಿಜಾರಿನ ಅಡ್ಡ ಬದಲಾವಣೆ, ಉದ್ದ ಇಳಿಜಾರಿನ ಉದ್ದ ಬದಲಾವಣೆ, ಎರಡನ್ನೂ ಕೂಡಿಸು. ತಗ್ಗಿನ ತಳದಲ್ಲಿ ಈ ಮೊತ್ತ ಧನ, ದಿಬ್ಬದ ನೆತ್ತಿಯಲ್ಲಿ ಋಣ, ಬೆಳಕು ಯಾವ ಕಡೆಯದಾದರೂ. ಧನವನ್ನು ಬಿಳಿ, ಋಣವನ್ನು ಕಪ್ಪು ಮಾಡಿದರೆ ಶಾಸನ ಓದುವವರಿಗೆ ರೂಢಿಯಿರುವ ಪಡಿಯಚ್ಚಿನಂತೆಯೇ ಕಾಣುತ್ತದೆ, ಕಲ್ಲಿಗೆ ಮಸಿ, ಕಾಗದ ತಾಗಿಸದೆ. ಮಾಡುವ ಮೊದಲು ಗೌಸಿಯನ್ ಜರಡಿ ಹಿಡಿಯಬೇಕು, ಅಂದರೆ ಪಕ್ಕದ ಪಿಕ್ಸೆಲ್ಲುಗಳ ಸರಾಸರಿ ತೆಗೆದು ನಯ ಮಾಡಬೇಕು. ಆ ಸರಾಸರಿ ಎಷ್ಟು ದೂರ ಹರಡಬೇಕು ಎಂಬುದರ ಅಳತೆ ಸಿಗ್ಮಾ. ಅಕ್ಷರದ ಗೆರೆ ಎರಡೂವರೆ ಮಿ.ಮೀ. ಅಗಲ ಇದ್ದರೆ 16 ಪಿಕ್ಸೆಲ್, ಅದಕ್ಕೆ ಸಿಗ್ಮಾ ಸುಮಾರು 5. ಮರಳಿನ ಕಣವೇ 2 ಮಿ.ಮೀ.ವರೆಗೆ ಇರಬಹುದಾದ್ದರಿಂದ ಸಿಗ್ಮಾ 1 ಇಟ್ಟರೆ ಅಕ್ಷರದ ಬದಲು ಮರಳು ಓದುತ್ತೀ. 15 ಇಟ್ಟರೆ ಪಕ್ಕದ ಗೆರೆಗಳು ಒಂದರೊಳಗೊಂದು ಕರಗುತ್ತವೆ. ಈಗಾಗಲೇ ಓದಿರುವ ಮೇಲಿನ ಮೂರು ಸಾಲಿನ ಮೇಲೆ ಹೊಂದಿಸಿ ನೋಡಿ ಒಂದು ಬೆಲೆ ಗಟ್ಟಿ ಮಾಡು. ಕೆಳಗಿನ ಸಾಲಿಗೆ ಬಂದ ಮೇಲೆ ಅದನ್ನು ಮುಟ್ಟಬೇಡ. ಬೇಕಾದ ಅಕ್ಷರ ಕಾಣುವವರೆಗೆ ತಿರುವುತ್ತ ಹೋದರೆ ಯಾವ ಅಕ್ಷರ ಬೇಕಾದರೂ ಕಾಣುತ್ತದೆ. ಮೊಬೈಲಿನ ಎಐ ಶಾರ್ಪನಿಂಗ್ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಇಲ್ಲದ ಗೆರೆಯನ್ನು ಅದು ನಾಜೂಕಾಗಿ ಬರೆದುಕೊಡುತ್ತದೆ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಐಹೊಳೆಯ ಮೇಗುತಿ ಗುಡಿಯ 634ರ ಶಾಸನ, ಇವುಗಳ ಮೇಲೂ ಮಾಡಿ ನೋಡೋಣ ಎಂದಿದ್ದೀ. ಅವು ಸಂರಕ್ಷಿತ ಸ್ಮಾರಕಗಳು, ಪುರಾತತ್ವ ಇಲಾಖೆಯ ಅನುಮತಿ ಕೈಗೆ ಬರದೆ ಟ್ರೈಪಾಡ್ ಒಯ್ಯಬೇಡ. ಅಲ್ಲದೆ ಅವು ನಿಂತ ಕಲ್ಲಿನ ಮೇಲಿವೆ, ಕೆಳಗಿನಿಂದ ಓರೆ ಬೆಳಕು ಕೊಡಲು ನೆಲ ಅಡ್ಡ. ನಿನ್ನ ಕಲ್ಲು ಮಲಗಿದೆ, ಸುತ್ತ ಓಡಾಡಲು ಬಯಲಿದೆ. ಅದರಿಂದಲೇ ಶುರುವಾಗಲಿ.

ಅಮಾವಾಸ್ಯೆಯ ಆಚೀಚೆ ಗಾಳಿಯಿಲ್ಲದ ರಾತ್ರಿ ನೋಡಿಕೋ. ಮೊದಲು 45 ಡಿಗ್ರಿಯ ಎಂಟು ಮಾತ್ರ ತೆಗೆದು, ಫ್ಲಾಶ್ ಇಲ್ಲದ್ದೂ ಸೇರಿ ಒಂಬತ್ತು ರಾ ಫೈಲ್ ಕಳಿಸು. ಗುಂಡಿನ ಚುಕ್ಕಿ ಫ್ಲಾಶ್ ಹೊಡೆದ ಎಂಟರಲ್ಲೂ ಸ್ಪಷ್ಟ ಇದೆಯೋ ನೋಡಿ ಹೇಳುತ್ತೇನೆ, ಆಮೇಲೆ ಉಳಿದ ಹದಿನಾರು. ಕಲ್ಲಿನ ನಿಜವಾದ ಉದ್ದ ಅಗಲ ಅಳೆದು ಬರೆದಿಡುವುದನ್ನು ಮರೆಯಬೇಡ.

ನಿನ್ನ ಗೆಳೆಯ